ಕೌದಿಗೆ ತುತ್ತಿಟ್ಟವಳು

"ಬದ್ರು, ಮೂಸಿ ನೋಡು."

ಗಿರಿಜಾಬಾಯಿ ಅಪ್ಪಣೆ ಕೊಟ್ಟರೆಂದರೆ ಮುಗಿಯಿತು, ಯಾಕೆ ಎಂದು ಕೇಳುವ ಹಾಗಿಲ್ಲ. ನೆಲಕ್ಕೆ ಮೊಣಕಾಲೂರಿ, ತೂಗುಬಿಟ್ಟ ಕೌದಿಯ ಕೆಳಮೂಲೆಗೆ ಮೂಗು ಹಚ್ಚಿದೆ. ಹಳೆಯ ಧೋತರದ ವಾಸನೆ, ನುಸಿಗುಳಿಗೆಯ ವಾಸನೆ. ಅವೆರಡರ ಒಳಗಿಂದ ಇನ್ನೊಂದು ಬಂತು. ನಾಷ್ಟಾ ಮಾಡದೆ ಓಡಿಬಂದಿದ್ದ ನನ್ನ ಹೊಟ್ಟೆ ಅದನ್ನು ನನಗಿಂತ ಮೊದಲೇ ಗುರುತು ಹಿಡಿಯಿತು.

"ರೊಟ್ಟಿ ಅದರಿ ಅಕ್ಕಾ! ಜ್ವಾಳದ ರೊಟ್ಟಿ. ಸಂಗಾಟ ಬೆಲ್ಲ."

"ಒತ್ತಿ ನೋಡು."

ಒತ್ತಿದೆ. "ಇನ್ನಾ ಪೂರಾ ಒಣಗಿಲ್ಲರಿ. ನಿನ್ನೀದು."

ಗಿರಿಜಾಬಾಯಿ ಕನ್ನಡಕ ಹಣೆಗೇರಿಸಿ ನಕ್ಕರು. ಅವರು ನಗುವುದು ವರ್ಷಕ್ಕೆ ಎರಡು ಸಲ, ಎರಡೂ ಸಲ ಯಾರದೋ ಗ್ರಹಚಾರ ಕೆಟ್ಟಿರುತ್ತದೆ.

ಹಿಂದಿನ ರಾತ್ರಿ ಬೀದರದ ಗಾಂಧಿ ಗಂಜ್ ಮಾರುಕಟ್ಟೆಯ ಈ ಗೋದಾಮಿನಲ್ಲಿ ಯಾರೋ ಈ ಒಂದು ಕೌದಿಯ ಒಂದು ಮೂಲೆಯನ್ನಷ್ಟೇ ಬಿಚ್ಚಿ, ಮತ್ತೆ ಅಚ್ಚುಕಟ್ಟಾಗಿ ಹೊಲಿದು ಹೋಗಿದ್ದರು. ಬಾಗಿಲ ಬೀಗ ಇದ್ದಹಾಗೇ ಇತ್ತು. ಕೌದಿ ಬಿಟ್ಟು ಅದರ ಮೂಲೆ ಕದಿಯುವ ಕಳ್ಳನನ್ನು ನಾನಂತೂ ಕಂಡಿರಲಿಲ್ಲ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಈಗ ಚೌಬಾರಾದಲ್ಲಿ ನನ್ನ ಫೋಟೊ ಸ್ಟುಡಿಯೊದ ಮೇಲಿನ ಕೋಣೆಯಲ್ಲಿ ಪತ್ತೇದಾರಿಕೆ ನಡೆಸುವ ಗಿರಿಜಾಬಾಯಿಯೂ ಕಂಡಿರಲಿಲ್ಲ.

"ಒಳಗಿದ್ದದ್ದು ತೆಗೆದು ರೊಟ್ಟಿ ಇಟ್ಟಾರ," ಎಂದರು ಅವರು. "ಚಂದ್ರಭಾಗಾ, ಇದೇನು ಆಟ?"

ಆ ಹುಡುಗಿಗೆ ಕೈಕಾಲು ಆಡುತ್ತಿರಲಿಲ್ಲ. ಸಂಜೆ ಐದಕ್ಕೆ ಅವಳ ಕೌದಿಗಳ ಪ್ರದರ್ಶನ. ಊರ ತುಂಬ ಚೀಟಿ ಹಂಚಿಯಾಗಿತ್ತು.

ಅದು ೨೦೧೬ರ ಬೇಸಿಗೆ. ಮಳೆ ಕೈಕೊಟ್ಟು, ತೊಗರಿಯಿಲ್ಲದ ಗಂಜಿನಲ್ಲಿ ಹಮಾಲರು ಖಾಲಿ ಗಾಡಿಗಳ ಮೇಲೆ ಇಸ್ಪೀಟು ಆಡುತ್ತಿದ್ದರು. ಔರಾದ, ಭಾಲ್ಕಿ ಕಡೆಯ ಜನ ಮನೆಗೆ ಬೀಗ ಜಡಿದು, ಬೀದರ ಬಸ್‌ಸ್ಟ್ಯಾಂಡಿಗೆ ಬಂದು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಠಾಣಾ ಕುಶನೂರಿನ ಈ ಚಂದ್ರಭಾಗಾ ಚಿತ್ರಕಲೆ ಓದಿದವಳು. ಬಸ್ಸಿನ ಬಾಗಿಲಲ್ಲೇ ನಿಂತು, "ಕೌದಿ ಭಾರ ಆಗ್ತದ, ನನ್ನ ಬಲ್ಲಿ ಇಟ್ಟು ಹೋಗ್ರಿ, ತಿರುಗಿ ಬಂದಾಗ ಕೊಡ್ತೇನಿ" ಎಂದು ಒಂದೊಂದೇ ಕೌದಿ ಕೂಡಿಸಿದ್ದಳು.

ಈಗ ಆ ಕೌದಿಗಳೆಲ್ಲ ಗೋದಾಮಿನ ಜಂತಿಗಳಿಂದ ಇಳಿಬಿದ್ದಿದ್ದವು. ಪ್ರತಿಯೊಂದರ ಹಿಂದೆ ಒಂದು ಬಲ್ಬು. ಬಲ್ಬು ಹೊತ್ತಿತೆಂದರೆ ತೇಪೆ ತೇಪೆಯೂ, ಹೊಲಿಗೆ ಹೊಲಿಗೆಯೂ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. ಅವಳು ಇದನ್ನು ಇನ್‌ಸ್ಟಲೇಶನ್ ಎನ್ನುತ್ತಾಳೆ, ಹಮಾಲರು ಕೌದಿ ಜಾತ್ರೆ ಎನ್ನುತ್ತಾರೆ. ಹೆಸರು ಏನೇ ಇರಲಿ, ನೋಡಿದವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನಾನೂ ನಿಂತಿದ್ದೆ, ನಾಚಿಕೆ ಏನಿಲ್ಲ.

ಸಂಜೆ ಪ್ರತಿ ಕೌದಿಯ ಕೆಳಗೊಬ್ಬ ಹೆಣ್ಣುಮಗಳು ನಿಂತು ಅದನ್ನು ಹೊಲಿದವಳ ಹೆಸರು ಕೂಗಬೇಕು. ಆಕೆ ಸತ್ತಿರಲಿ, ಊರು ಬಿಟ್ಟಿರಲಿ, ಆಕೆಯ ಪರವಾಗಿ ಯಾರಾದರೂ "ಓ" ಅನ್ನಬೇಕು. ಜನ್ಮವಿಡೀ ಹೊಲಿದು ಒಮ್ಮೆಯೂ ಹೆಸರು ಹೇಳಿಸಿಕೊಳ್ಳದವರಿಗೆ ಇದು ಚಂದ್ರಭಾಗಾ ಸಲ್ಲಿಸುವ ಮಾನ. ಇಷ್ಟೇ ಅವಳ ಕಲೆ.

ಆದರೆ ಮೊದಲು ಕೂಗಬೇಕಾದ ಹೆಸರೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ನಡುವಿನ ಈ ದೊಡ್ಡ ಕೌದಿ ಬಸ್‌ಸ್ಟ್ಯಾಂಡಿನಿಂದ ಬಂದದ್ದಲ್ಲ. ಗೋದಾಮಿನ ಮಾಲೀಕರು, ಭಾಲ್ಕಿಯ ಶಿವರಾಜಪ್ಪ ಸಾವುಕಾರರು ಕೊಟ್ಟದ್ದು. ಇದರಲ್ಲಿ ಉಳಿದವುಗಳಂತೆ ಚೌಕುಳಿ ಇಲ್ಲ. ಒಂದು ದಾರಿ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ದಾರಿಯ ಉದ್ದಕ್ಕೂ ಸಣ್ಣ ಸಣ್ಣ ಕೆಂಪು ಹೆಜ್ಜೆಗಳು. ಎಲ್ಲವೂ ಹೋಗುವ ಹೆಜ್ಜೆ, ಬರುವುದು ಒಂದೂ ಇಲ್ಲ. "ಇದು ನಮ್ಮವ್ವ ಈರಮ್ಮ ಹೊಲಿದದ್ದು, ಆಕಿ ಹೆಸರು ಎಲ್ಲಾರಕ್ಕಿಂತ ಮೊದಲು ಕೂಗಬೇಕು" ಎಂದು ಅವರು ಕರಾರು ಹಾಕಿದ್ದರು.

"ನನಗ ನಂಬಿಕಿ ಇಲ್ಲರಿ ಮೇಡಂ," ಚಂದ್ರಭಾಗಾ ಕೊನೆಗೆ ಬಾಯಿಬಿಟ್ಟಳು. "ಸಾವುಕಾರ್ರ ಮನ್ಯಾಗ ಕೌದಿ ಹೊಲಸ್ತಾರ, ಹೊಲಿಯಂಗಿಲ್ಲ. ಹೊಲಿದಾಕಿ ಬ್ಯಾರೆನೇ ಇದ್ದಾಳ. ತಪ್ಪು ಹೆಸರು ಕೂಗಿದ್ರ ಆಕೀನ ನಾನೇ ಇನ್ನೊಮ್ಮಿ ಮುಚ್ಚಿದಂಗ. ಐದರೊಳಗ ನನಗ ಖರೇ ಹೆಸರು ಬೇಕ್ರಿ."

"ಸಿಗ್ತದ," ಎಂದರು ಗಿರಿಜಾಬಾಯಿ, ಹಲ್ಲಿಗೆ ಸಿಕ್ಕಿದ ಅಡಿಕೆ ತೆಗೆಯುವಷ್ಟು ಹಗುರಾಗಿ. ನನಗೆ ಅಷ್ಟು ಧೈರ್ಯ ಇರಲಿಲ್ಲ.

ಹೆಸರು ಕೂಗಲು ಬಂದಿದ್ದ ಹೆಣ್ಣುಮಕ್ಕಳು ಗೋದಾಮಿನ ಹಿಂದಿನ ಕೋಣೆಯಲ್ಲೇ ಎರಡು ದಿನದಿಂದ ಮಲಗುತ್ತಿದ್ದರು. ಬಾಗಿಲಲ್ಲಿ ಗುಂಪುಗೂಡಿ ನಮ್ಮನ್ನೇ ನೋಡುತ್ತಿದ್ದರು. ಅವರಲ್ಲಿ ಔರಾದದ ಶಾಲುಬಾಯಿ ಎಂಬ ಎಪ್ಪತ್ತರ ಮುದುಕಿ ಒಬ್ಬಳಿದ್ದಳು. ಬಂದಾಗಿನಿಂದ ಎಲ್ಲರನ್ನೂ ನಗಿಸುವುದೇ ಆಕೆಯ ಕಸುಬು.

"ಅದು ಕೌದಿ ಊಟ, ಬಾಯಿ!" ಎಂದಳು. "ಕಡೀ ಹೊಲಿಗಿ ಹಾಕೋ ಮುಂದ ಮೂಲ್ಯಾಗ ಒಂದು ತುತ್ತು ಇಡಬೇಕು. ಕೌದಿ ಹಸದ್ರ ಹೊದ್ದವರನ್ನ ತಿಂತದ."

"ಇಟ್ಟ ತುತ್ತು ಯಾರಾರ ತೆಗೀತಾರೇನು?" ಗಿರಿಜಾಬಾಯಿ ಕೇಳಿದರು.

"ತೌಬಾ!" ಅಂದರು ಪಕ್ಕದಲ್ಲಿದ್ದ ಖುರ್ಷಿದ ಬೇಗಂ. ಬೀದರ ಹಳೇ ಊರಿನವರು, ನನ್ನ ತಾಯಿಗೆ ಗೆಳತಿ. "ಇಟ್ಟಾಕಿನೇ ತೆಗೀಬೇಕು, ತೆಗೆದ್ರ ಮತ್ತೊಂದು ಇಡಬೇಕು. ಬ್ಯಾರೆದಾಕಿ ಮುಟ್ಟಿದ್ರ ಆಕಿ ಮನಿ ಅನ್ನಾನೇ ಹೋಗ್ತದ. ನಾವೂ ಹಂಗೇ ನಡಕೋತೀವಿ, ಇವರೂ ಹಂಗೇ."

"ಇವನ ಮಾರಿ ನೋಡ್ರಿ," ಶಾಲುಬಾಯಿ ನನ್ನ ಕಡೆ ಕೈ ಮಾಡಿದಳು. "ಕೌದಿ ಉಂಡದ, ಈ ಫೋಟೋದಂವ ಉಪಾಸ ಕುಂತಾನ. ತಗೋ ತಮ್ಮಾ." ತನ್ನ ಗಂಟು ಬಿಚ್ಚಿ ಒಂದು ರೊಟ್ಟಿ, ಒಂದು ಚೂರು ಬೆಲ್ಲ ಕೈಗಿಟ್ಟಳು. ನಾನು ಬೇಡ ಅನ್ನುವಷ್ಟು ದೊಡ್ಡ ಮನುಷ್ಯನಲ್ಲ. ಅಲ್ಲೇ ಕುಳಿತು ತಿಂದೆ.

ಗಿರಿಜಾಬಾಯಿ ಮಾತ್ರ ಹೊಲಿಗೆಯ ಸಂದಿಯಲ್ಲಿ ಸೂಜಿಮೊನೆ ಆಡಿಸುತ್ತಿದ್ದರು. ಏನೋ ಒಂದು ಅಂಗೈಗೆ ಉದುರಿತು. ಒಂದೇ ಒಂದು ಕಾಳು, ಇಟ್ಟಿಗೆಯ ಬಣ್ಣದ್ದು.

"ಇದು ಏನಂತ ಗೊತ್ತೇನೋ ಬದ್ರು?"

"ಜ್ವಾಳ ಇದ್ದಂಗ ಅದರಿ. ಆದರ ಕೆಂಪಗ್ಯಾಕ?"

"ಮಿಲೋ. ಎಪ್ಪತ್ತೆರಡರ ಬರಗಾಲದಾಗ ಪರದೇಶದಿಂದ ಹಡಗಿನ್ಯಾಗ ತರಿಸಿ ಹಂಚಿದ್ದ ಕೆಂಪ ಜ್ವಾಳ. ನಾ ಸಣ್ಣಾಕಿದ್ದಾಗ ತಿಂದು ತಿಂದು ಹೊಟ್ಟಿ ಕಡಿತಿತ್ತು. ಆಮ್ಯಾಲ ಈ ಕಡೆ ಅದನ್ನ ಯಾರೂ ಕಂಡಿಲ್ಲ." ಅವರ ದನಿ ಏರಿತು. "ಅಂದ್ರ ಕೌದಿ ಆ ವರ್ಷದ್ದು. ತುತ್ತು ಇಟ್ಟದ್ದೂ ಆ ವರ್ಷ. ಇಟ್ಟಾಕಿನೇ ತೆಗೀಬೇಕು ಅನ್ನೋದಾದ್ರ, ನಿನ್ನಿ ತೆಗೆದಾಕಿ ಯಾರು?"

ನನ್ನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಕಳ್ಳನಾಗಿದ್ದರೆ ಬಿಚ್ಚಿ, ಬೇಕಾದ್ದು ತೆಗೆದುಕೊಂಡು ಓಡುತ್ತಿದ್ದ. ಕೌದಿಯನ್ನು ಹಸಿದಿರಲು ಬಿಡಲಾರದೆ, ಕತ್ತಲಲ್ಲಿ ಕುಳಿತು ಮತ್ತೆ ಉಣಿಸಿ ಹೋದವಳು ಕಳ್ಳಿಯಲ್ಲ, ತಾಯಿ. ಆ ತಾಯಿ ಬದುಕಿದ್ದಾಳೆ!

"ಒಂದು ಕಾಳಿಗೋಸ್ಕರ ಯಾರೂ ಬರಂಗಿಲ್ಲ," ಗಿರಿಜಾಬಾಯಿ ಎದ್ದು ನಿಂತರು. "ಮತ್ತೇನೋ ಇತ್ತು ಅದರಾಗ. ನೀ ಮೊನ್ನಿ ಬಲ್ಬು ಹಚ್ಚಿ ಫೋಟೊ ತೆಗೆದಿದ್ದಿ ಅಲ್ಲ?"

ತೆಗೆದಿದ್ದೆ. ಬಲ್ಬು ಹಚ್ಚಿದ ಕೌದಿಗಳ ಫೋಟೊ ತೆಗೆದು, ದೊಡ್ಡ ಕೌದಿಯ ಮೂಲೆಯಲ್ಲಿ ಒಂದು ಕಪ್ಪು ಕಲೆ ಬಂದದ್ದಕ್ಕೆ ಹೊಸ ಲೆನ್ಸು ಕೊಟ್ಟ ಅಂಗಡಿಯವನೊಂದಿಗೆ ಜಗಳವನ್ನೂ ಆಡಿದ್ದೆ. ಅವನ ಏಳು ತಲೆಮಾರನ್ನೂ ಬಿಟ್ಟಿರಲಿಲ್ಲ. ಈಗ ಕ್ಯಾಮೆರಾದ ಪರದೆಯಲ್ಲಿ ಆ ಕಲೆಯನ್ನು ಹಿಗ್ಗಿಸಿದೆ. ಪಾಪ, ಲೆನ್ಸಿನದೇನೂ ತಪ್ಪಿರಲಿಲ್ಲ.

ಕೌದಿಯ ಹೊಟ್ಟೆಯೊಳಗೆ ಒಂದು ಉಂಗುರದ ನೆರಳು. ಪೂರ್ತಿ ಕೂಡದ, ಬಾಯಿ ಬಿಟ್ಟ ಉಂಗುರ. ಮೇಲೊಂದು ಪುಟ್ಟ ಮೀನು.

"ಕಾಲುಂಗ್ರ!" ಎಂದು ಚಂದ್ರಭಾಗಾ ಕೂಗಿಯೇಬಿಟ್ಟಳು.

ಗಿರಿಜಾಬಾಯಿ ಆಗಲೇ ಬಾಗಿಲಲ್ಲಿದ್ದರು. "ಸ್ಕೂಟರ್ ತೆಗಿ. ಭಾಲ್ಕಿಗಿ ಹೋಗಬೇಕು."

ನನ್ನ ಹಳೆಯ ಸ್ಕೂಟರಿಗೆ ಗಿರಿಜಾಬಾಯಿಯ ಭಾರ ಹೊಸದಲ್ಲ, ಆದರೆ ಅಂದು ಅದು ಕುದುರೆಯ ಹಾಗೆ ಓಡಿತು. ದಾರಿಯುದ್ದಕ್ಕೂ ನೀರಿನ ಟ್ಯಾಂಕರುಗಳು, ಅವುಗಳ ಹಿಂದೆ ಕೊಡಗಳ ಸಾಲು. ಬಿಸಿಲು ತಲೆ ಸೀಳುತ್ತಿತ್ತು. ನನಗೆ ಅದ್ಯಾವುದೂ ಹತ್ತಲಿಲ್ಲ.

ಶಿವರಾಜಪ್ಪ ಸಾವುಕಾರರು ಪಡಸಾಲೆಯಲ್ಲಿ ಊಟ ಮುಗಿಸಿ ಕೂತಿದ್ದರು. ಐವತ್ತರ ಆಸುಪಾಸು. ಹಣೆಯ ತುಂಬ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಂಜೆಗಾಗಿ ಆಗಲೇ ತಯಾರಾಗಿದ್ದರು.

"ಬರ್ರಿ, ಬರ್ರಿ. ನೀರು ಕುಡೀರಿ," ಎಂದರು. "ಕೌದಿ ಮೂಲಿ ಬಿಚ್ಯಾರಂತ ಚಂದ್ರಭಾಗಾ ಫೋನ್ ಮಾಡಿದ್ಳು. ಗೋದಾಮಿನ ಎರಡನೇ ಚಾವಿ ನನ್ನ ಬಲ್ಲಿ ಅದ ಅಂತ ಕೇಳಾಕ ಬಂದಿರಬೇಕು. ನಾನೇ ನಮ್ಮವ್ವನ ಕೌದಿ ಹರಕೊಳ್ತೇನೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ. ಗಿರಿಜಾಬಾಯಿ ಚಾವಿಯ ಮಾತೇ ಎತ್ತಲಿಲ್ಲ.

"ಸಾವುಕಾರ್ರ, ನಿಮ್ಮವ್ವ ಹೋದದ್ದು ಯಾವಾಗ?"

"ಎಪ್ಪತ್ತೆರಡರ ಬರಗಾಲದಾಗ. ನಾ ಆರು ವರ್ಷದಂವ."

"ನೀವು ಮಣ್ಣಿಗಿ ಹೋಗಿದ್ರೇನ್ರಿ?"

ಸಾವುಕಾರರ ಮುಖ ಬಿಗಿಯಿತು. "ಇದೆಂಥಾ ಪ್ರಶ್ನಿರಿ? ತವರಿಗಿ ಹೋದಾಕಿ ಅಲ್ಲೇ ಜ್ವರ ಬಂದು ತೀರಿಕೊಂಡಳು. ಅಪ್ಪಾ ಹೋಗಿ ಮಣ್ಣು ಮಾಡಿ ಬಂದ. ಬಂದು ಕೌದಿ ನನ್ನ ಮ್ಯಾಲ ಹೊಚ್ಚಿ, ಇದು ನಿಮ್ಮವ್ವ ಹೊಲಿದದ್ದು ಅಂದ. ಮದುವಿ ಆಗೋತನಕಾ ಅದರಾಗೇ ಮಲಗೀನಿ ನಾ."

"ಅಪ್ಪಾ ಮತ್ತೇನು ತಂದ?"

ಅವರು ಎದ್ದು ಒಳಗೆ ಹೋದರು. ದೇವರ ಜಗಲಿಯಿಂದ ಒಂದು ಬೆಳ್ಳಿಯ ಬಟ್ಟಲು ತಂದು ನಮ್ಮ ಮುಂದಿಟ್ಟರು. ಬಟ್ಟಲಲ್ಲಿ ಹೂವು, ಹೂವಿನ ನಡುವೆ ಒಂದು ಕಾಲುಂಗುರ. ಬಾಯಿ ಬಿಟ್ಟದ್ದು. ಮೇಲೊಂದು ಮೀನು.

"ಅವ್ವನ ಕಾಲಾಗಿಂದು. ದಿನಾ ಪೂಜಾ ಮಾಡ್ತೇನಿ. ಒಂದೇ ಸಿಕ್ಕಿತಂತ, ಇನ್ನೊಂದು ಮಣ್ಣಾಗ ಹೋತಂತ."

ನಾನು ಕ್ಯಾಮೆರಾ ತೆಗೆದು ಆ ಫೋಟೊ ತೋರಿಸಿದೆ. ಸಾವುಕಾರರು ಪರದೆಯನ್ನೂ ಬಟ್ಟಲನ್ನೂ ಮತ್ತೆ ಮತ್ತೆ ನೋಡಿದರು.

"ಇನ್ನೊಂದು ಮಣ್ಣಾಗ ಹೋಗಿರಲಿಲ್ಲ," ಎಂದರು ಗಿರಿಜಾಬಾಯಿ ಮೆಲ್ಲಗೆ. "ಕೌದ್ಯಾಗ ಇತ್ತು. ನಿನ್ನೀತನಕಾ ಇತ್ತು. ಸತ್ತಾಕಿ ತನ್ನ ಕಾಲುಂಗ್ರ ತಾನೇ ತೆಗೆದು ಕೌದ್ಯಾಗಿಟ್ಟು ಹೊಲೀತಾಳೇನ್ರಿ? ಜೀವ ಇದ್ದಾಗೇ ತೆಗೆದಾಳ. ಗಂಡನ ಮುಂದ ಒಂದು ಇಟ್ಟು, ಕೌದ್ಯಾಗ ಒಂದು ಇಟ್ಟು, ಎದ್ದು ಹೋಗ್ಯಾಳ."

"ಮುಚ್ಚರಿ ಬಾಯಿ!"

ಆ ಕೂಗಿಗೆ ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಸಾವುಕಾರರು ಎದ್ದು ನಿಂತಿದ್ದರು. ನನಗೆ ಹೆದರಿಕೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

"ನನ್ನವ್ವ ಸತ್ತಾಳ. ಸತ್ತಾಕಿಗಿ ನಾ ಪೂಜಾ ಮಾಡ್ತೇನಿ. ಆರು ವರ್ಷದ ಕೂಸಿನ್ನ ಬಿಟ್ಟು ಹೋದಾಕಿಗಿ ಏನು ಮಾಡ್ಲಿ? ಹೇಳ್ರಿ, ಏನು ಮಾಡ್ಲಿ?"

"ನನಗ ಗೊತ್ತಿಲ್ಲರಿ," ಎಂದರು ಗಿರಿಜಾಬಾಯಿ. "ಆದರ ನಿನ್ನಿ ಆಕಿ ನಿಮ್ಮ ಗೋದಾಮಿನ್ಯಾಗ ಬಂದು ಕೌದಿಗಿ ರೊಟ್ಟಿ ಬೆಲ್ಲ ಉಣಿಸ್ಯಾಳ. ಕಾಲುಂಗ್ರ ತಗೊಂಡು ಹೋಗ್ಯಾಳ. ಅದು ಸಿಕ್ಕಿದ್ರ ನೀವು ಗುರ್ತು ಹಿಡೀತೀರಿ ಅಂತ ಹೆದರ್ಯಾಳ. ಅಂದ್ರ ನೀವು ಯಾರಂತ ಆಕಿಗಿ ಗೊತ್ತದ."

ಸಾವುಕಾರರು ಕುಸಿದು ಕೂತರು. ಬಟ್ಟಲಿನ ಹೂವನ್ನು ಬೆರಳಿನಿಂದ ಸರಿಸಿದರು, ಕಾಲುಂಗುರ ಮುಟ್ಟಲಿಲ್ಲ. ಅಷ್ಟು ದೊಡ್ಡ ಅಡತಿ ವ್ಯಾಪಾರಿ ಹುಡುಗನ ಹಾಗೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು.

"ಹೆಸರು ಕೂಗಬ್ಯಾಡಂತ ಚಂದ್ರಭಾಗಾಗ ಹೇಳ್ಲೇನ್ರಿ?" ಗಿರಿಜಾಬಾಯಿ ಕೇಳಿದರು.

ಸಾವುಕಾರರು ತಲೆ ಎತ್ತಿದರು. ಕಣ್ಣು ಕೆಂಪಗಿದ್ದರೂ ಅದರಲ್ಲಿ ಬೇರೆಯೇ ಒಂದು ಕಳೆ ಬಂದಿತ್ತು.

"ಬ್ಯಾಡ. ಕೂಗ್ರಿ. ಜೋರಲೆ ಕೂಗ್ರಿ. ಬೀದರದಾಗ ಎಲ್ಲಿದ್ರೂ ಕೇಳಬೇಕು ಆಕಿಗಿ. ಆಕಿ ಪರವಾಗಿ ನಾ ಓ ಅನ್ನಂಗಿಲ್ಲ. ಇದ್ರ, ಆಕಿನೇ ಅನ್ನಲಿ."

ತಿರುಗಿ ಬರುವಾಗ ಮುಂದೆ ಸಾವುಕಾರರ ಜೀಪು, ಹಿಂದೆ ನಮ್ಮ ಸ್ಕೂಟರು. ಗಿರಿಜಾಬಾಯಿ ನನ್ನ ಕಿವಿಯಲ್ಲಿ ಕೂಗಿದರು: "ಬೀಗ ಯಾರೂ ಮುರಿದಿಲ್ಲ. ಹೊರಗಿನಿಂದ ಯಾರೂ ಬಂದಿಲ್ಲ. ತಿಳೀತೇನೋ ಬದ್ರು? ಆಕಿ ಒಳಗೇ ಮಲಗಿದ್ಳು!"

ಹ್ಯಾಂಡಲ್ ಕೈ ಜಾರಿ ಒಂದು ಟ್ಯಾಂಕರಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು.

ಗೋದಾಮು ಮುಟ್ಟಿದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ. ಹಮಾಲರು, ಅಡತಿಯವರು, ಕಾಲೇಜಿನ ಹುಡುಗಿಯರು, ಅಷ್ಟೂರಿನಿಂದ ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರು. ಯಾರನ್ನೂ ಕೇಳಿ ವಿಚಾರಿಸುವ ವೇಳೆ ಉಳಿದಿರಲಿಲ್ಲ. ಗಿರಿಜಾಬಾಯಿ ಜನರ ನಡುವೆ ಮೊಣಕೈ ಆಡಿಸುತ್ತ ಹೋಗಿ ಚಂದ್ರಭಾಗಾಳ ಕಿವಿಯಲ್ಲಿ ಎಲ್ಲ ಹೇಳಿದರು. ಅವಳು ಬಾಯಿಗೆ ಸೆರಗು ಹಿಡಿದಳು.

"ನೀ ಈರಮ್ಮ ಅಂತ ಕೂಗು," ಎಂದರು ಗಿರಿಜಾಬಾಯಿ. "ಯಾರ ಮಾರಿ ಬದಲಾಗ್ತದ ನಾ ನೋಡ್ತೇನಿ. ಬದ್ರು, ನೀ ಫೋಟೊ ಹೊಡೀತಾ ಇರು, ನಿಲ್ಲಸಬ್ಯಾಡ."

ದೀಪಗಳು ಆರಿದವು. ಕತ್ತಲಲ್ಲಿ ಒಂದೇ ಬಲ್ಬು ಹೊತ್ತಿತು, ದೊಡ್ಡ ಕೌದಿಯ ಹಿಂದೆ. ಆ ದಾರಿ, ಆ ಕೆಂಪು ಹೆಜ್ಜೆಗಳು ಇಡೀ ಗೋದಾಮನ್ನು ದಾಟಿ ಹೊರಟ ಹಾಗೆ ಕಂಡವು. ಎರಡೂ ಬದಿ ಸಾಲಾಗಿ ನಿಂತ ಹೆಣ್ಣುಮಕ್ಕಳ ಮುಖಗಳ ಮೇಲೆ ಬೆಳಕು ಬಿದ್ದಿತ್ತು. ನಾನು ಗುಂಡಿ ಒತ್ತುತ್ತಲೇ ಇದ್ದೆ.

ಚಂದ್ರಭಾಗಾ ಮುಂದೆ ಬಂದು ನಿಂತಳು. ಅವಳ ದನಿ ಮೊದಲು ಏಳಲೇ ಇಲ್ಲ. ಆಮೇಲೆ ಎದ್ದಿತು, ತಗಡಿನ ಮಾಡು ನಡುಗುವ ಹಾಗೆ.

"ಈರಮ್ಮಾ!"

ಎದುರು ಸಾಲಿನಲ್ಲಿ ಸಾವುಕಾರರು ಎರಡೂ ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಕ್ಯಾಮೆರಾದ ಕಿಂಡಿಯಿಂದ ನಾನು ಒಂದೊಂದೇ ಮುಖ ನೋಡಿದೆ. ಖುರ್ಷಿದ ಬೇಗಂ ತಸಬಿಯ ಮಣಿ ಎಣಿಸುತ್ತಿದ್ದರು. ಯಾರ ಮುಖವೂ ಬದಲಾಗಲಿಲ್ಲ.

"ಈರಮ್ಮಾ!" ಚಂದ್ರಭಾಗಾ ಮತ್ತೆ ಕೂಗಿದಳು.

ಸಾಲಿನ ಕೊನೆಯಿಂದ ಶಾಲುಬಾಯಿ ಹೊರಗೆ ಬಂದಳು.

ಇವಳು? ಬೆಳಿಗ್ಗೆ ನನಗೆ ರೊಟ್ಟಿ ಕೊಟ್ಟು ಎಲ್ಲರನ್ನೂ ನಗಿಸಿದ ಈ ಮುದುಕಿ? ಗಿರಿಜಾಬಾಯಿ ನನ್ನ ರಟ್ಟೆ ಹಿಡಿದು ಅದುಮಿದರು. ಗೆದ್ದೆವು ಎಂದು ಅದರ ಅರ್ಥ. ಈಗ ಆಕೆ "ಓ" ಎನ್ನುತ್ತಾಳೆ, ಮಗ ಓಡಿ ಹೋಗಿ ಕಾಲು ಹಿಡಿಯುತ್ತಾನೆ, ಆ ಫೋಟೊ ನನ್ನದು! ನಾನು ಕ್ಯಾಮೆರಾ ಎತ್ತಿ ಕಾದೆ.

ಶಾಲುಬಾಯಿ ಓ ಎನ್ನಲಿಲ್ಲ.

"ಕರೀಬ್ಯಾಡವ್ವಾ ಆಕೀನ," ಎಂದಳು. ಆ ದನಿಯಲ್ಲಿ ಬೆಳಗಿನ ನಗೆಯ ಗುರುತೂ ಇರಲಿಲ್ಲ. "ಈರಮ್ಮಾಗ ಓ ಅನ್ನಾಕ ಆಗಂಗಿಲ್ಲ. ಬರಗಾಲದ ವರ್ಷ ಸತ್ತಾಳ. ಆಕಿ ಗಂಡನ ಸಂಗಾಟ ನಿಂತು ನಾನೇ ಮಣ್ಣು ಕೊಟ್ಟೀನಿ."

ನನ್ನ ರಟ್ಟೆಯ ಮೇಲಿನ ಹಿಡಿತ ಸಡಿಲಾಯಿತು. ಗಿರಿಜಾಬಾಯಿಯ ಬಾಯಿ ಅರ್ಧ ತೆರೆದಿತ್ತು. ಇಷ್ಟು ವರ್ಷಗಳಲ್ಲಿ ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

"ಹಂಗಾದ್ರ ಕೌದಿ?" ಚಂದ್ರಭಾಗಾ ಪಿಸುಗುಟ್ಟಿದಳು.

"ಕೌದಿ ನಂದು, ಕಾಲುಂಗ್ರನೂ ನಂದು. ಆಕೀವಲ್ಲ." ಮುದುಕಿ ಮೊದಲ ಸಲ ಶಿವರಾಜಪ್ಪ ಸಾವುಕಾರರ ಕಡೆ ತಿರುಗಿದಳು. ಕಣ್ಣು ತುಂಬಿ ಹರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಇವನೂ ಆಕಿ ಹಡೆದಂವ ಅಲ್ಲ."